ಕಿವಿಯ ಗುಗ್ಗೆ: ಎಣ್ಣೆ, ಸೋಡಾ ನೀರು, ಸಿರಿಂಜು, ಸಕ್ಷನ್ – ಯಾವ ಕಿವಿಗೆ ಯಾವುದು?

ಮಳೆ ಹಿಡಿದ ಜುಲೈ ತಿಂಗಳಲ್ಲಿ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯಿಂದ ಇಎನ್‌ಟಿ ಡಾಕ್ಟರ ಹತ್ತಿರ ಬರುವವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಕಿವಿ ಕಟ್ಟಿಕೊಂಡಿದೆ, ಒಳಗೆ ಕಡಿತ, ಗುಗ್ಗೆ ಇರಬೇಕು ಅಂತ ಎಣ್ಣೆ ಬಿಟ್ಟೆ, ಕಡಿಮೆ ಆಗಲಿಲ್ಲ. ಬೆಳಕು ಹಾಕಿ ನೋಡಿದರೆ ಕೆಲವರ ಕಿವಿಯಲ್ಲಿ ನಿಜವಾಗಿಯೂ ಗುಗ್ಗೆ ಇರುತ್ತದೆ. ಇನ್ನು ಕೆಲವರ ಕಿವಿಯಲ್ಲಿ ಇರುವುದು ಬೂಷ್ಟು. ಗುಗ್ಗೆಯನ್ನು ಎಣ್ಣೆ ಮೆತ್ತಗೆ ಮಾಡುತ್ತದೆ. ಬೂಷ್ಟು ಹಿಡಿದ ಕಿವಿಗೆ ಅದೇ ಎಣ್ಣೆ ಬಿಟ್ಟರೆ ಕಡಿತ, ಸೋರಿಕೆ ಎರಡೂ ಹೆಚ್ಚುತ್ತವೆ.

ಆದ್ದರಿಂದ ಯಾವ ವಿಧಾನ ಒಳ್ಳೆಯದು ಎಂದು ಕೇಳುವ ಮುಂಚೆ ಎರಡು ಪ್ರಶ್ನೆಗೆ ಉತ್ತರ ಬೇಕು. ಒಳಗೆ ಇರುವುದು ಗುಗ್ಗೆಯೇ ಹೌದೇ? ಕಿವಿತಮಟೆ ತೂತಿಲ್ಲದೆ ಗಟ್ಟಿಯಾಗಿದೆಯೇ? ಇವೆರಡಕ್ಕೂ ಹೌದು ಎನ್ನುವ ಉತ್ತರ ಬಂದರೆ ಆಯ್ಕೆಗಳು ಹಲವಾರು, ಹೆಚ್ಚಿನವು ಸುಲಭ, ಖರ್ಚೂ ಕಮ್ಮಿ. ಒಂದಕ್ಕಾದರೂ ಉತ್ತರ ಗೊತ್ತಿಲ್ಲ ಎಂದಾದರೆ ಕಿವಿಗೆ ಏನನ್ನೂ ಬಿಡಬಾರದು, ಮೊದಲು ತೋರಿಸಬೇಕು.

ತೆಗೆಯಲೇಬೇಕೆ?

ಗುಗ್ಗೆ ಕೊಳೆಯಲ್ಲ. ಕಿವಿಯ ಕೊಳವೆಯ ಚರ್ಮಕ್ಕೆ ಬಳಿದ ಜಿಡ್ಡಿನ ಲೇಪ ಅದು. ನೀರು ಚರ್ಮಕ್ಕೆ ಇಳಿಯದಂತೆ ನೋಡಿಕೊಳ್ಳುತ್ತದೆ, ಧೂಳನ್ನು ಅಂಟಿಸಿಕೊಳ್ಳುತ್ತದೆ, ತುಸು ಹುಳಿ ಗುಣ ಇರುವುದರಿಂದ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆಯಲು ಬಿಡುವುದಿಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಟ್ಟೆಯೇ ಒಣಗದ ಮಲೆನಾಡಿನಲ್ಲಿ ಕಿವಿಯನ್ನು ಫಳಫಳ ಹೊಳೆಯುವ ಹಾಗೆ ಉಜ್ಜಿಟ್ಟುಕೊಳ್ಳುವುದು ಇದ್ದ ರಕ್ಷಣೆಯನ್ನು ಕೈಯಾರೆ ತೆಗೆದುಹಾಕಿದ ಹಾಗೆ.

ದೊಡ್ಡವರ ಕಿವಿಯ ಕೊಳವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಗುಗ್ಗೆ ಹುಟ್ಟುವುದು ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಒಳಗಿನ ಭಾಗದಲ್ಲಿ ಮೂಳೆಯ ಮೇಲೆ ನೇರವಾಗಿ ಹಾಸಿದ ತೆಳುವಾದ ಚರ್ಮ ಇದೆ. ಅಲ್ಲಿ ಗುಗ್ಗೆ ಮಾಡುವ ಗ್ರಂಥಿಗಳಿಲ್ಲ. ಹಾಗಾಗಿ ಕಿವಿತಮಟೆಗೆ ಒತ್ತಿಕೊಂಡು ಗುಗ್ಗೆ ಕೂತಿದೆ ಎಂದರೆ ಬಹಳ ಸಲ ಅದನ್ನು ಯಾವುದೋ ಕಡ್ಡಿಯೋ ಬಡ್ಸೋ ಅಲ್ಲಿಗೆ ತಳ್ಳಿದೆ ಎಂದೇ ಅರ್ಥ. ಕೊಳವೆಯ ಚರ್ಮ ತಮಟೆಯ ಕಡೆಯಿಂದ ಹೊರಕ್ಕೆ ಉಗುರು ಬೆಳೆಯುವಷ್ಟು ನಿಧಾನವಾಗಿ, ದಿನಕ್ಕೆ ಸುಮಾರು 0.1 ಮಿಲಿಮೀಟರ್‌ನಂತೆ ಜರುಗುತ್ತಲೇ ಇರುತ್ತದೆ. ಅಗಿಯುವಾಗ, ಮಾತಾಡುವಾಗ ದವಡೆ ಅಲ್ಲಾಡಿ ಗುಗ್ಗೆ ಸಡಿಲವಾಗುತ್ತದೆ. ಹೀಗೆ ಬಾಗಿಲಿಗೆ ಬಂದದ್ದನ್ನು ಸ್ನಾನದ ನಂತರ ಟವೆಲ್ ತುದಿಯಿಂದ ಒರೆಸಿದರೆ ಬಹುತೇಕರಿಗೆ ಜೀವನವಿಡೀ ಅಷ್ಟೇ ಸಾಕು.

ಆದ್ದರಿಂದ ಮೊದಲನೇ ಆಯ್ಕೆ ಏನೂ ಮಾಡದಿರುವುದು. ಗುಗ್ಗೆ ಕಾಣಿಸುತ್ತದೆ, ಆದರೆ ಕೇಳಿಸುವುದು ಕಮ್ಮಿಯಾಗಿಲ್ಲ, ನೋವಿಲ್ಲ, ಕಟ್ಟಿಕೊಂಡ ಹಾಗೂ ಇಲ್ಲ ಎಂದಾದರೆ ಮುಟ್ಟಬೇಡಿ. ತೆಗೆಯಬೇಕಾದ ಸಂದರ್ಭಗಳು ಕೆಲವೇ: ಕಿವಿ ಮಂದವಾದಾಗ, ಕಟ್ಟಿದಂತಾದಾಗ, ಗುಂಯ್ ಎನ್ನುವ ಸದ್ದು ಶುರುವಾದಾಗ, ಹಿಯರಿಂಗ್ ಏಡ್ ಸೀಟಿ ಹೊಡೆಯುವಾಗ, ಇಲ್ಲವೇ ಡಾಕ್ಟರಿಗೆ ತಮಟೆ ನೋಡಲೇಬೇಕಾದಾಗ. ಕೆಲವರಿಗೆ ಗುಗ್ಗೆ ಒತ್ತಿ ಒಣಕೆಮ್ಮು ಬರುವುದೂ ಉಂಟು. ಗಂಟಲಿಗೆ ಹೋಗುವ ನರದ ಒಂದು ಕವಲು ಕಿವಿಯ ಕೊಳವೆಗೂ ಬರುವುದೇ ಅದಕ್ಕೆ ಕಾರಣ.

ಇದು ಗುಗ್ಗೆಯೇ?

ಗುಗ್ಗೆ ಕಟ್ಟಿದರೆ ಸಾಮಾನ್ಯವಾಗಿ ನೋವಿರುವುದಿಲ್ಲ. ತಲೆಗೆ ಸ್ನಾನ ಮಾಡಿದ ಮೇಲೆ ಕಿವಿ ಇದ್ದಕ್ಕಿದ್ದಂತೆ ಮುಚ್ಚಿಹೋಗುತ್ತದೆ. ಒಳಗಿದ್ದ ಒಣ ಗುಗ್ಗೆ ನೀರು ಕುಡಿದು ಉಬ್ಬಿ, ಉಳಿದಿದ್ದ ಸಣ್ಣ ಸಂದನ್ನೂ ಮುಚ್ಚಿರುತ್ತದೆ. ತನ್ನ ದನಿಯೇ ತನಗೆ ಮಡಕೆಯೊಳಗಿಂದ ಬಂದ ಹಾಗೆ ಕೇಳುತ್ತದೆ.

ಬೂಷ್ಟು ಹೀಗಲ್ಲ. ಅದಕ್ಕೆ ಮೊದಲ ಗುರುತು ಕಡಿತ, ರಾತ್ರಿ ನಿದ್ದೆ ಕೆಡಿಸುವಂಥ ಕಡಿತ. ಆಮೇಲೆ ತೇವ, ನೋವು, ಕಟ್ಟಿಕೊಳ್ಳುವುದು. ಒಳಗೆ ನೋಡಿದರೆ ನೆನೆದ ಕಾಗದದಂಥ ಬಿಳಿ–ಬೂದು ಮುದ್ದೆ, ಅದರ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕಿ. ಅದಕ್ಕೆ ಬೇಕಾದ್ದು ಒಳಗಿನ ಮುದ್ದೆಯನ್ನು ಪೂರ್ತಿ ತೆಗೆದು ಬೂಷ್ಟು ಕೊಲ್ಲುವ ಹನಿ ಹಾಕುವುದು, ಕಿವಿ ಒಣಗಿಸಿ ಇಡುವುದು. ಎಣ್ಣೆಯೂ ನೀರೂ ಎರಡೂ ಅಲ್ಲಿಗೆ ವರ್ಜ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಿತವೇ ಮುಖ್ಯ ದೂರಾಗಿದ್ದರೆ ಮನೆ ಮದ್ದಿಗೆ ಕೈ ಹಾಕಬೇಡಿ.

ಚಾರ್ಮಾಡಿ ಅಥವಾ ಶಿರಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಂಡು, ಬಂಟ್ವಾಳ ತಲುಪಿದರೂ ಬಿಡಲಿಲ್ಲ ಎನ್ನುವವರದು ಗುಗ್ಗೆಯಲ್ಲ, ಒತ್ತಡದ ತೊಂದರೆ. ಮೂಗಿನ ಹಿಂಬದಿಯಿಂದ ಕಿವಿಗೆ ಹೋಗುವ ನಳಿಕೆ ಶೀತದಿಂದ ಊದಿಕೊಂಡಿರುತ್ತದೆ. ಉಗುಳು ನುಂಗುವುದು, ಆಕಳಿಸುವುದು, ಚೂಯಿಂಗ್ ಗಮ್ ಜಗಿಯುವುದು ಇದಕ್ಕೆ ಸಾಕು. ಕಿವಿಗೆ ಹನಿ ಹಾಕಿ ಪ್ರಯೋಜನವಿಲ್ಲ, ಏಕೆಂದರೆ ತೊಂದರೆ ಇರುವುದು ತಮಟೆಯ ಆಚೆ ಬದಿಗೆ.

ಎಲ್ಲಕ್ಕಿಂತ ಎಚ್ಚರದಿಂದ ನೋಡಬೇಕಾದ್ದು ನರದ ತೊಂದರೆ. ಬೆಳಿಗ್ಗೆ ಏಳುವಾಗ ಒಂದು ಕಿವಿ ಕೇಳಿಸುತ್ತಿಲ್ಲ, ಜೊತೆಗೆ ಗುಂಯ್ ಸದ್ದು ಅಥವಾ ತಲೆಸುತ್ತು ಇದೆ ಎಂದರೆ ಗುಗ್ಗೆ ಎಂದುಕೊಂಡು ವಾರ ಎಣ್ಣೆ ಬಿಡುತ್ತಾ ಕೂರಬಾರದು. ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಬಾಯಿ ಮುಚ್ಚಿ, ದನಿ ಏರಿಸದೆ 'ಮ್ಮ್ಮ್' ಎಂದು ಐದು ಸೆಕೆಂಡ್ ಎಳೆಯಿರಿ. ಕಟ್ಟಿದ ಕಿವಿಯಲ್ಲೇ ಆ ಸದ್ದು ಜೋರಾಗಿ ಕೇಳಿದರೆ ದಾರಿಯಲ್ಲಿ ಏನೋ ಅಡ್ಡ ಇದೆ. ಅದು ಗುಗ್ಗೆ ಇರಬಹುದು, ಬೂಷ್ಟೋ ಒಳಗಿನ ನೀರೋ ಇರಬಹುದು. ಸದ್ದು ಚೆನ್ನಾಗಿರುವ ಕಿವಿಗೇ ಹೋಗಿ, ಮಂದವಾದ ಕಿವಿ ಸುಮ್ಮನಿದ್ದರೆ ನರವನ್ನು ಸಂಶಯಿಸಬೇಕು. ಸಂಶಯ ಬಂದರೆ ಅವತ್ತೇ, ತಪ್ಪಿದರೆ ಮಾರನೇ ದಿನ, ಇಎನ್‌ಟಿ ಡಾಕ್ಟರಿಗೆ ತೋರಿಸಿ. ಅದಕ್ಕೆ ಕೊಡುವ ಸ್ಟಿರಾಯ್ಡ್ ಮೊದಲ ಎರಡು ವಾರದೊಳಗೆ ಶುರುವಾದರೆ ಹೆಚ್ಚು ಉಪಯೋಗ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಈ ಪರೀಕ್ಷೆ ಡಾಕ್ಟರ ಟ್ಯೂನಿಂಗ್ ಫೋರ್ಕಿಗೆ ಬದಲಿಯಲ್ಲ. ಇದರಿಂದ ಧೈರ್ಯ ತಂದುಕೊಳ್ಳಬೇಡಿ, ಎಚ್ಚರ ಮಾತ್ರ ತಂದುಕೊಳ್ಳಿ.

ತಮಟೆ ಸರಿಯಾಗಿದೆಯೇ ಎನ್ನುವುದಕ್ಕೆ ಹಳೆಯದನ್ನು ನೆನಪಿಸಿಕೊಳ್ಳಿ. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತೇ? ಆಪರೇಶನ್ ಆಗಿದೆಯೇ? ತಮಟೆಗೆ ಗ್ರೊಮೆಟ್ ಎನ್ನುವ ಪುಟ್ಟ ನಳಿಕೆ ಹಾಕಿದ್ದರೇ? ಕಪಾಳಕ್ಕೆ ಏಟು ಬಿದ್ದು ಕಿವಿ ಮಂದವಾಗಿದ್ದುಂಟೇ? ಕಿವಿಗೆ ಬಿಟ್ಟ ಹನಿ ಗಂಟಲಲ್ಲಿ ಕಹಿಯಾಗಿ ಇಳಿದ ಅನುಭವ ಇದೆಯೇ? ಒಂದಕ್ಕೆ ಹೌದು ಎಂದರೂ ಹನಿ, ನೀರು ಎರಡನ್ನೂ ಬಿಟ್ಟು ನೇರ ಸಕ್ಷನ್, ಅಂದರೆ ನಳಿಕೆಯಿಂದ ಹೀರಿ ತೆಗೆಯುವ ಆಯ್ಕೆಗೆ ಬನ್ನಿ.

ಮನೆಯಲ್ಲಿ ಮೆತ್ತಗೆ ಮಾಡುವುದು

ಗುಗ್ಗೆಯೇ ಎಂದು ಖಾತ್ರಿಯಾಗಿ, ತಮಟೆಯೂ ಸರಿಯಾಗಿದ್ದರೆ ಶುರು ಮಾಡಬೇಕಾದ್ದು ಇಲ್ಲಿಂದ. ಯಾವ ಹನಿ ಒಳ್ಳೆಯದು ಎನ್ನುವುದೇ ಎಲ್ಲರ ಮೊದಲ ಪ್ರಶ್ನೆ. ಚಿಕಿತ್ಸೆಗಳ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿದ 2018ರ ವಿಮರ್ಶೆಗೆ ಎಣ್ಣೆ, ಸೋಡಾ, ಅಂಗಡಿಯ ಔಷಧಿ ಇವುಗಳಲ್ಲಿ ಒಂದು ಇನ್ನೊಂದಕ್ಕಿಂತ ಮೇಲು ಎನ್ನಲು ಆಧಾರ ಸಿಗಲಿಲ್ಲ. ಬರೀ ನೀರು ಅಥವಾ ಸಲೈನ್‌ಗಿಂತ ದುಬಾರಿ ಹನಿ ಮೇಲು ಎನ್ನಲೂ ಆಧಾರ ಸಿಗಲಿಲ್ಲ. ಆದ್ದರಿಂದ ಆಯ್ಕೆ ಮಾಡುವಾಗ ಶಕ್ತಿಯನ್ನು ನೋಡಬೇಡಿ, ನಿಮ್ಮ ಚರ್ಮಕ್ಕೆ ಯಾವುದು ಒಗ್ಗುತ್ತದೆ ಎಂದು ನೋಡಿ.

ಆಲಿವ್ ಎಣ್ಣೆ ಚರ್ಮಕ್ಕೆ ಹಿತ, ಒಣ ಗುಗ್ಗೆ ಇರುವ ವಯಸ್ಸಾದವರಿಗೆ ಚೆನ್ನಾಗಿ ಹೊಂದುತ್ತದೆ. ನಮ್ಮ ಮನೆಗಳಲ್ಲಿ ಇರುವುದು ಕೊಬ್ಬರಿ ಎಣ್ಣೆ. ಅದೂ ಆಗುತ್ತದೆ, ಆದರೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಡಿಸೆಂಬರ್–ಜನವರಿಯ ಚಿಕ್ಕಮಗಳೂರಿನ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪಾಗಿರುವ ಎಣ್ಣೆಯನ್ನು ಒಲೆಯ ಮೇಲೆ ಕಾಯಿಸಿ ಬಿಟ್ಟುಕೊಂಡು ಕಿವಿ ಸುಟ್ಟುಕೊಳ್ಳುವವರಿದ್ದಾರೆ. ಒಲೆ ಬೇಡ. ಬಾಟಲಿಯನ್ನು ಬಿಸಿನೀರಿನ ಲೋಟದಲ್ಲಿ ಐದು ನಿಮಿಷ ನಿಲ್ಲಿಸಿ, ಒಂದು ಹನಿಯನ್ನು ಮಣಿಕಟ್ಟಿನ ಒಳಬದಿಗೆ ಬಿಟ್ಟು ನೋಡಿ. ಬಿಸಿ ಅನ್ನಿಸಲೂಬಾರದು, ತಣ್ಣಗೂ ಅನ್ನಿಸಬಾರದು. ಬಾದಾಮಿ ಎಣ್ಣೆ ಬಾದಾಮಿ ಒಗ್ಗದವರಿಗೆ ಬೇಡ. ಸಾಸಿವೆ ಎಣ್ಣೆ ಯಾರಿಗೂ ಬೇಡ, ಉರಿಯುತ್ತದೆ.

ಅಡುಗೆ ಸೋಡಾ ನೀರು ಗಟ್ಟಿ ಗುಗ್ಗೆಯನ್ನು ಪುಡಿಯಾಗಿ ಬಿಡಿಸುತ್ತದೆ. ಶೇ. 5ರ ದ್ರಾವಣ ಬೇಕು: ಕುದಿಸಿ ಆರಿಸಿದ 100 ಮಿ.ಲೀ. ನೀರಿಗೆ ಒಂದು ಚಹಾ ಚಮಚ ಸೋಡಾ, ತಲೆ ತಟ್ಟಿ ಸಮ ಮಾಡಿದ್ದು, ಸುಮಾರು 5 ಗ್ರಾಂ. ದಿನಾ ಹೊಸದಾಗಿ ಮಾಡಿಕೊಳ್ಳಿ, ಉಳಿದದ್ದು ಚೆಲ್ಲಿ. ಬಟ್ಟೆ ಒಗೆಯುವ ಸೋಡಾ ಬೇರೆಯೇ ವಸ್ತು, ಅದು ಚರ್ಮವನ್ನು ಸುಡುತ್ತದೆ. ಡಬ್ಬಿಯ ಮೇಲೆ ಹೆಸರಿಲ್ಲದ ಬಿಳಿ ಪುಡಿಯನ್ನು ಎಂದೂ ಬಳಸಬೇಡಿ. ಸೋಡಾ ನೀರಿಗೆ ಒಂದು ಕೊರತೆ ಇದೆ, ಕೊಳವೆಯ ಚರ್ಮವನ್ನು ಒಣಗಿಸುತ್ತದೆ. ಇಸುಬು ಇದ್ದವರು ಎಣ್ಣೆಯನ್ನೇ ಆರಿಸಿಕೊಳ್ಳಲಿ. ಮೂರರಿಂದ ಐದು ದಿನ ಆದ ಮೇಲೆ ಸೋಡಾ ನಿಲ್ಲಿಸಿ.

ಮೆಡಿಕಲ್ ಶಾಪಿನಲ್ಲಿ ಸಿಗುವ ಗುಗ್ಗೆ ಹನಿಗಳಲ್ಲಿ ಸಾಮಾನ್ಯವಾದ ಒಂದು ಬಗೆಯಲ್ಲಿ ಪ್ಯಾರಾಡೈಕ್ಲೋರೋಬೆಂಜೀನ್, ಬೆಂಜೊಕೇನ್, ಕ್ಲೋರ್‌ಬ್ಯೂಟಾಲ್, ಟರ್ಪಂಟೈನ್ ಎಣ್ಣೆ ಇರುತ್ತವೆ. ಬೆಂಜೊಕೇನ್ ಮರಗಟ್ಟಿಸುವ ಔಷಧಿ, ಹಾಗಾಗಿ ಒಳಗೆ ಉರಿ ಹತ್ತಿದರೂ ಬೇಗ ತಿಳಿಯುವುದಿಲ್ಲ. ಚೀಟಿಯಲ್ಲಿ ಬರೆದ ದಿನಗಳಿಗಿಂತ ಒಂದು ದಿನವೂ ಹೆಚ್ಚು ಹಾಕಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಬಳಸುವುದಾದರೆ ಶೇ. 3ರದ್ದನ್ನೇ ತಂದು ಅಷ್ಟೇ ಪ್ರಮಾಣದ ಆರಿಸಿದ ನೀರು ಬೆರೆಸಬೇಕು. ಬುರುಬುರು ಎಂದು ನೊರೆ ಬರುವುದು ಸಹಜ. ನೋವಾದರೆ ಅದು ಸಹಜವಲ್ಲ, ತಕ್ಷಣ ಬಗ್ಗಿಸಿ ಹೊರಬಿಡಿ.

ಹಾಕುವ ಕ್ರಮ ಎಲ್ಲಕ್ಕೂ ಒಂದೇ. ತೊಂದರೆ ಇರುವ ಕಿವಿ ಮೇಲೆ ಬರುವ ಹಾಗೆ ಮಗ್ಗುಲಾಗಿ ಮಲಗಿ. ದೊಡ್ಡವರಾದರೆ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ, ಕೊಳವೆ ನೇರವಾಗುತ್ತದೆ. ದೇಹದ ಶಾಖಕ್ಕೆ ತಂದ ಮೂರು ಹನಿಯನ್ನು ಕೊಳವೆಯ ಗೋಡೆಗೆ ತಾಗುವಂತೆ ಬಿಡಿ. ನಡುವಿಗೆ ಬಿಟ್ಟರೆ ಗಾಳಿ ಸಿಕ್ಕಿಕೊಂಡು ಹನಿ ಕೊಳವೆಯ ಬಾಯಲ್ಲೇ ನಿಂತುಬಿಡುತ್ತದೆ. ಕಿವಿ ತೂತಿನ ಮುಂದೆ ಇರುವ ಪುಟ್ಟ ಉಬ್ಬನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಬಿಡಿ, ಹನಿ ಒಳಗಿಳಿಯುತ್ತದೆ. ಐದರಿಂದ ಹತ್ತು ನಿಮಿಷ ಹಾಗೇ ಮಲಗಿರಿ. ಆಮೇಲೆ ಎದ್ದು ಟಿಶ್ಯೂ ಹಿಡಿದು ಬಗ್ಗಿಸಿ. ಹತ್ತಿ ತುರುಕಬೇಡಿ, ಹಾಕಿದ ಹನಿಯನ್ನೆಲ್ಲ ಅದೇ ಕುಡಿದುಬಿಡುತ್ತದೆ. ದಿನಕ್ಕೆ ಮೂರು ಸಲ, ಐದು ದಿನ. ಎಣ್ಣೆಯಾದರೆ ಎರಡು ವಾರದವರೆಗೂ ಮುಂದುವರಿಸಬಹುದು.

ಎರಡನೇ ದಿನ ಬಹಳ ಜನ ಹೆದರುತ್ತಾರೆ. ಗುಗ್ಗೆ ಹನಿ ಹೀರಿ ಉಬ್ಬುವುದರಿಂದ ಕಿವಿ ಮೊದಲಿಗಿಂತ ಹೆಚ್ಚು ಮುಚ್ಚಿಕೊಳ್ಳುತ್ತದೆ. ಔಷಧಿ ಕೆಲಸ ಮಾಡುತ್ತಿದೆ ಎನ್ನುವುದರ ಗುರುತೇ ಅದು. ಇದೇ ಗಳಿಗೆಯಲ್ಲಿ ತಾಳ್ಮೆ ಕಳೆದುಕೊಂಡು ಬಡ್ಸ್ ಹಾಕಿದರೆ ಮೆತ್ತಗಾದ ಮುದ್ದೆ ನೇರ ತಮಟೆಗೆ ಹೋಗಿ ಅಂಟುತ್ತದೆ. ಎರಡೂ ಕಿವಿ ಕಟ್ಟಿದ್ದರೆ ಒಟ್ಟಿಗೆ ಎರಡಕ್ಕೂ ಹಾಕಬೇಡಿ. ಬೈಕ್ ಓಡಿಸುವವರು, ತೋಟದಲ್ಲಿ ಯಂತ್ರದ ಹತ್ತಿರ ಕೆಲಸ ಮಾಡುವವರು, ಆನೆ ಓಡಾಡುವ ದಾರಿಯಲ್ಲಿ ನಡೆಯುವವರು ಇದನ್ನು ಮರೆಯಬಾರದು. ಒಂದು ಕಿವಿ ಕೇಳಿಸುತ್ತಿರಲಿ.

ಹನಿಯಿಂದಲೇ ಕಿವಿ ಪೂರ್ತಿ ತೆರೆಯುವುದು ಎಲ್ಲರಿಗೂ ಆಗುವುದಿಲ್ಲ. ಅದೇ ಕಾಕ್ರೇನ್ ವಿಮರ್ಶೆಯ ಒಂದು ಅಧ್ಯಯನದಲ್ಲಿ ಐದು ದಿನ ಹನಿ ಹಾಕಿದ ಕಿವಿಗಳಲ್ಲಿ ಶೇ. 22ರಷ್ಟು ಪೂರ್ತಿ ಸ್ವಚ್ಛವಾದವು, ಹಾಕದವುಗಳಲ್ಲಿ ಶೇ. 5ರಷ್ಟು. ಹೋಗದಿದ್ದರೂ ನಷ್ಟವೇನಿಲ್ಲ. ಮುಂದಿನ ಹಂತದಲ್ಲಿ ಡಾಕ್ಟರ ಕೆಲಸ ನೋವಿಲ್ಲದೆ, ಬೇಗ ಮುಗಿಯುತ್ತದೆ.

ನೀರು ಹೊಡೆಯುವುದು

ಸಿರಿಂಜಿಂಗ್ ಎಂದರೆ ಗುಗ್ಗೆಯ ಹಿಂದಕ್ಕೆ ನೀರು ಕಳಿಸಿ ಅದು ವಾಪಸು ಬರುವಾಗ ಗುಗ್ಗೆಯನ್ನು ಹೊತ್ತು ತರುವಂತೆ ಮಾಡುವುದು. ಮುಂದಿನಿಂದ ಗುರಿಯಿಟ್ಟು ಹೊಡೆದರೆ ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ. ಅದಕ್ಕೇ ಪಳಗಿದವರು ನೀರನ್ನು ಕೊಳವೆಯ ಮೇಲಿನ–ಹಿಂದಿನ ಗೋಡೆಯ ಕಡೆಗೆ ಬಿಡುತ್ತಾರೆ. ನಮ್ಮ ಕಡೆ ಹಳೆಯ ಲೋಹದ ಪಿಚಕಾರಿ ಇನ್ನೂ ಕೆಲವೆಡೆ ಇದೆ. ಹಲವರು 20 ಮಿ.ಲೀ. ಸಿರಿಂಜಿಗೆ ಸೂಜಿ ತೆಗೆದ ಮೆತ್ತನೆ ಕ್ಯಾನುಲಾ ಸಿಕ್ಕಿಸಿ ಮಾಡುತ್ತಾರೆ. ಒತ್ತಡವನ್ನು ಯಂತ್ರವೇ ಹಿಡಿತದಲ್ಲಿಡುವ ಇರಿಗೇಟರ್ ಇದ್ದರೆ ಅದೇ ಉತ್ತಮ. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಕೈ ಸಿರಿಂಜನ್ನು ಬಳಸಬಾರದು ಎಂದೇ ಹೇಳಿದೆ. ಕೈಯ ಬಲ ಎಷ್ಟು ಬೀಳುತ್ತದೆ ಎಂದು ಹೇಳಲಾಗದು, ತಮಟೆ ಹರಿಯಬಹುದು.

ನೀರು 37 ಡಿಗ್ರಿ ಇರಬೇಕು. ತಣ್ಣೀರಾದರೆ ಒಳಗಿವಿಯ ದ್ರವ ಒಂದು ಬದಿಗೆ ತಣ್ಣಗಾಗಿ ಸುಳಿ ತಿರುಗುತ್ತದೆ, ರೋಗಿಗೆ ಕೋಣೆಯೇ ಗಿರ್ರನೆ ತಿರುಗಿದಂತಾಗಿ ವಾಂತಿ ಬರುತ್ತದೆ. ನಲ್ಲಿ ನೀರನ್ನು ನೇರ ಹಿಡಿದು ಹೊಡೆಯುವುದನ್ನು ಕಂಡರೆ ಬೇಡ ಎಂದು ಹೇಳಲು ಸಂಕೋಚಪಡಬೇಡಿ. ಸರಿಯಾಗಿ ಮೆತ್ತಗಾಗಿದ್ದರೆ ಒಂದೆರಡು ಸಲಕ್ಕೇ ಗುಗ್ಗೆ ಹೊರಬರುತ್ತದೆ. ಬಾರದಿದ್ದರೆ ಬಲ ಹೆಚ್ಚಿಸುವುದಲ್ಲ, ಕಿವಿಗೆ ನೀರು ತುಂಬಿ ಹದಿನೈದು ನಿಮಿಷ ಕಾಯಬೇಕು, ಮತ್ತೆ ಒಮ್ಮೆ ನೋಡಬೇಕು. ಎರಡನೇ ಸಲಕ್ಕೂ ಆಗದಿದ್ದರೆ ನಿಲ್ಲಿಸಿ ಬೇರೆ ವಿಧಾನಕ್ಕೆ ಹೋಗಬೇಕು. ನಡುವೆ ಚುರುಕ್ಕೆಂದು ನೋವಾದರೆ, ಗಂಟಲಿಗೆ ನೀರು ಇಳಿದರೆ ಕೈ ಎತ್ತಿ ನಿಲ್ಲಿಸಿ.

ತಮಟೆ ತೂತು, ಕಿವಿಯ ಹಳೆಯ ಆಪರೇಶನ್, ಸೋರುವ ಕಿವಿ, ಸೀಳು ಅಂಗುಳ, ಇನ್ನೊಂದು ಕಿವಿ ಮೊದಲೇ ಕಿವುಡು: ಇವರಿಗೆ ನೀರು ಬೇಡ. ಸಕ್ಕರೆ ಕಾಯಿಲೆ ಇರುವವರ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಕೊಳವೆಯಲ್ಲಿ ಉಳಿದ ನೀರು ಮತ್ತು ಸಣ್ಣ ಗೀರಿನಿಂದ ಶುರುವಾಗುವ ಸೋಂಕು ಅವರಲ್ಲಿ ಮೂಳೆಗೆ ಇಳಿಯಬಹುದು. ಇಳಿ ವಯಸ್ಸು, ಹಿಡಿತಕ್ಕೆ ಬಾರದ ಸಕ್ಕರೆ, ನೀರು ಹೊಡೆಸಿದ ಕೆಲವು ದಿನಕ್ಕೆ ರಾತ್ರಿ ನಿದ್ದೆಗೆಡಿಸುವ ಕಿವಿನೋವು – ಈ ಮೂರೂ ಕೂಡಿದರೆ ಅದು ಆಸ್ಪತ್ರೆಯ ತುರ್ತು. ಅಂಥವರು ಮೊದಲೇ ಒಣ ವಿಧಾನ ಕೇಳಿ ಪಡೆಯುವುದು ಜಾಣತನ.

ಸಕ್ಷನ್ ಮತ್ತು ಕೈ ಉಪಕರಣ

ಮೈಕ್ರೋಸ್ಕೋಪಿನಲ್ಲೋ ಎಂಡೋಸ್ಕೋಪಿನಲ್ಲೋ ಕಣ್ಣಾರೆ ನೋಡುತ್ತಾ ಸಣ್ಣ ನಳಿಕೆಯಿಂದ ಗುಗ್ಗೆಯನ್ನು ಹೀರಿ ತೆಗೆಯುವುದು ಸಕ್ಷನ್. ಇದರ ದೊಡ್ಡ ಗುಣ, ನೀರು ಬೇಡ. ತೂತು ತಮಟೆ, ಆಪರೇಶನ್ ಆದ ಕಿವಿ, ಸಕ್ಕರೆ ಕಾಯಿಲೆ, ಬೂಷ್ಟು ಎಲ್ಲಕ್ಕೂ ನಡೆಯುತ್ತದೆ. ತೆಗೆದ ಕೂಡಲೇ ಹಿಂದಿನ ತಮಟೆಯೂ ಕಾಣುವುದರಿಂದ ಗುಗ್ಗೆಯ ಮರೆಯಲ್ಲಿ ಬೇರೆ ರೋಗ ಅಡಗಿದ್ದರೆ ಅವತ್ತೇ ಗೊತ್ತಾಗುತ್ತದೆ. ಕೊರತೆಗಳೂ ಇವೆ. ಕಿವಿಯೊಳಗೇ ಸದ್ದು ಜೋರು, ಮೊದಲ ಸಲ ಮಾಡಿಸಿಕೊಳ್ಳುವವರು ಬೆಚ್ಚುತ್ತಾರೆ. ಗಾಳಿ ಎಳೆಯುವಾಗ ತಣ್ಣಗಾಗಿ ಕ್ಷಣಕಾಲ ತಲೆ ತಿರುಗಬಹುದು. ಬಂಡೆಗಲ್ಲಿನಂಥ ಗುಗ್ಗೆಯನ್ನು ಸಕ್ಷನ್ ಒಂದೇ ಎಳೆಯಲಾರದು, ಅದಕ್ಕೇ ಮೂರ್ನಾಲ್ಕು ದಿನ ಹನಿ ಹಾಕಿಕೊಂಡು ಬನ್ನಿ ಎಂದು ವಾಪಸು ಕಳಿಸುತ್ತಾರೆ. ಅದು ಸುಮ್ಮನೆ ಓಡಾಡಿಸುವುದಲ್ಲ.

ಹೊರಗಿನ ಭಾಗದಲ್ಲೇ ಇರುವ ಗಟ್ಟಿ ತುಂಡಿಗೆ ತುದಿ ಬಳೆಯಂತಿರುವ ಪ್ರೋಬ್, ಸಣ್ಣ ಕೊಕ್ಕೆ, ಚಿಮುಟ ಸಾಕು. ತಲೆಗೆ ಕಟ್ಟಿದ ಬೆಳಕಿನಲ್ಲಿ ನೋಡುತ್ತಾ ಅನುಭವಿ ಡಾಕ್ಟರ್ ಅರ್ಧ ನಿಮಿಷದಲ್ಲಿ ತೆಗೆದುಬಿಡುತ್ತಾರೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ಒಂದು ಸಣ್ಣ ಗೀರಿಗೂ ರಕ್ತ ನಿಲ್ಲುವುದು ತಡ.

ನಮ್ಮ ಅಭಿಪ್ರಾಯ ಇಷ್ಟು: ಇಎನ್‌ಟಿ ಡಾಕ್ಟರ ಹತ್ತಿರ ಹೇಗೂ ಹೋಗುತ್ತೀರೆಂದರೆ, ಸೌಲಭ್ಯ ಇದ್ದಲ್ಲಿ ಸಕ್ಷನ್ನೇ ಕೇಳಿ. ಊರಲ್ಲಿ ಅದಿಲ್ಲದೆ, ಕಿವಿಗೆ ಹಳೆಯ ತೊಂದರೆಯೂ ಇಲ್ಲದಿದ್ದರೆ ಐದು ದಿನ ಹನಿ, ಆಮೇಲೆ ಬೆಚ್ಚನೆ ನೀರಿನ ಸಿರಿಂಜಿಂಗ್ ಸಾಕು. ಅದಕ್ಕಾಗಿ ಶೃಂಗೇರಿಯಿಂದ ಹಾಸನದವರೆಗೆ ಬರಬೇಕಿಲ್ಲ.

ಪಟ್ಟಿಯಿಂದಲೇ ಹೊಡೆದುಹಾಕಬೇಕಾದವು

ಇಯರ್ ಬಡ್ಸ್ ಹತ್ತಿಯ ತುದಿ ಕೊಳವೆಯಷ್ಟೇ ಅಗಲ. ಅಂಚಿನ ಗುಗ್ಗೆ ಅದಕ್ಕೆ ಹತ್ತುತ್ತದೆ, ಅದನ್ನು ನೋಡಿ ಸ್ವಚ್ಛವಾಯಿತು ಅನ್ನಿಸುತ್ತದೆ. ಉಳಿದದ್ದು ಪಿಸ್ಟನ್ ತಳ್ಳಿದಂತೆ ಒಳಗೆ ಸೇರುತ್ತದೆ. ಗುಗ್ಗೆಕಡ್ಡಿ, ಹೇರ್‌ಪಿನ್, ಬೈಕ್ ಕೀ, ಕೋಳಿ ಪುಕ್ಕ, ಬೆಂಕಿಕಡ್ಡಿ ಇವುಗಳಿಂದ ಚರ್ಮ ಗೀರುತ್ತದೆ, ಮಳೆಗಾಲದಲ್ಲಿ ಆ ಗೀರಿನಲ್ಲೇ ಬೂಷ್ಟು ಕೂರುತ್ತದೆ. ಪಕ್ಕದಲ್ಲಿ ಮಗು ಓಡಾಡುತ್ತಿರುವಾಗ ಕಿವಿಯಲ್ಲಿ ಕಡ್ಡಿ ಇಟ್ಟುಕೊಂಡು ಮೊಣಕೈ ತಾಗಿ ತಮಟೆ ಹರಿಯುವುದು ಡಾಕ್ಟರುಗಳಿಗೆ ಹೊಸ ಕಥೆಯಲ್ಲ.

ಫೋನಿಗೆ ಜೋಡಿಸುವ ಕ್ಯಾಮೆರಾ ಕಡ್ಡಿಗಳು ಆನ್‌ಲೈನಿನಲ್ಲಿ ಬರುತ್ತಿವೆ. ಪರದೆಯಲ್ಲಿ ಆಳ ತಿಳಿಯುವುದಿಲ್ಲ, ಎಡ ಬಲ ಗೊಂದಲವಾಗಬಹುದು. ನೋಡಲಷ್ಟೇ ಬಳಸುವುದಾದರೂ ಕೊಳವೆಯ ಬಾಯಿಯಿಂದ ಒಳಗೆ ಇಳಿಸಬೇಡಿ.

ಕಿವಿಗೆ ಇಟ್ಟು ಉರಿಸುವ ಮೇಣದ ಕೊಳವೆ (ಇಯರ್ ಕ್ಯಾಂಡಲ್) ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. 1996ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಅದು ಗುಗ್ಗೆಯನ್ನು ಎಳೆಯುವ ನಿರ್ವಾತ ಹುಟ್ಟಿಸುವುದಿಲ್ಲ ಎಂದು ಅಳೆದು ತೋರಿಸಿದರು. ಕಿವಿಯೊಳಗೆ ಮೇಣವೇ ಇಳಿದಿತ್ತು. ಅದೇ ಅಧ್ಯಯನಕ್ಕಾಗಿ ಕೇಳಿದ 122 ಇಎನ್‌ಟಿ ವೈದ್ಯರಿಂದ 21 ಗಾಯದ ಪ್ರಕರಣಗಳು ಬಂದವು. ಉರಿದ ಮೇಲೆ ಕೊಳವೆಯೊಳಗೆ ಕಾಣುವ ಕಂದು ಪುಡಿ ಗುಗ್ಗೆಯಲ್ಲ, ಸುಟ್ಟ ಮೇಣ ಮತ್ತು ಬಟ್ಟೆ.

ಜಾತ್ರೆ, ಬಸ್‌ಸ್ಟ್ಯಾಂಡಿನಲ್ಲಿ ಕಿವಿ ಸ್ವಚ್ಛ ಮಾಡುವವರು ಒಂದೇ ಸಲಾಕೆಯನ್ನು ಹತ್ತು ಜನರ ಕಿವಿಗೆ ಹಾಕುತ್ತಾರೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಒಳಚರ್ಮವನ್ನು ಉರಿಸುತ್ತದೆ. ಎಳೆ ಮಗುವಿಗೆ ಎರೆಯುವಾಗ ಕಿವಿಗೆ ಎಣ್ಣೆ ಬಿಡುವುದನ್ನೂ ಅಜ್ಜಿಯರಿಗೆ ಮೆಲ್ಲಗೆ ಹೇಳಿ ಬಿಡಿಸಬೇಕು. ಮೈಗೆ ಹಚ್ಚಲಿ, ಕಿವಿಯ ಹೊರಗೆ ಸವರಲಿ, ಒಳಗೆ ಬೇಡ. ಮಕ್ಕಳಿಗೆ ಗುಗ್ಗೆ ಹನಿಯೂ ಡಾಕ್ಟರು ನೋಡಿ ಬರೆದುಕೊಟ್ಟರೆ ಮಾತ್ರ. ಹಾಕುವಾಗ ಚಿಕ್ಕ ಮಕ್ಕಳ ಕಿವಿಯನ್ನು ಕೆಳಕ್ಕೂ ಹಿಂದಕ್ಕೂ ಎಳೆಯಬೇಕು, ದೊಡ್ಡವರ ಹಾಗೆ ಮೇಲಕ್ಕಲ್ಲ.

ಎಲ್ಲಿಗೆ ಹೋಗುವುದು, ಏನು ಕೇಳುವುದು

ಹಾಸನದಲ್ಲಿ ಹಿಮ್ಸ್ ಎಂದೇ ಕರೆಯುವ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ – ಹೊರರೋಗಿ ಚೀಟಿ ಮಾಡಿಸಿ ಇಎನ್‌ಟಿ ವಿಭಾಗ ಕೇಳಿ. ತಾಲ್ಲೂಕು ಆಸ್ಪತ್ರೆಗೆ ಹೋಗುವ ಮುಂಚೆ ಇಎನ್‌ಟಿ ಡಾಕ್ಟರು ಯಾವ ದಿನ ಇರುತ್ತಾರೆ ಎಂದು ವಿಚಾರಿಸಿಕೊಳ್ಳಿ, ಬಸ್ಸಿನ ಒಂದು ದಿನ ಉಳಿಯುತ್ತದೆ. ಗುಗ್ಗೆ ತೆಗೆದ ಮೇಲೂ ಕಿವಿ ಮಂದವಾಗೇ ಉಳಿದರೆ ಶ್ರವಣ ಪರೀಕ್ಷೆ ಬೇಕು. ಜಿಲ್ಲೆಯಲ್ಲಿ ಆಗದ ಪರೀಕ್ಷೆಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಕುರ್ಚಿಯಲ್ಲಿ ಕೂರುವ ಮುಂಚೆ ಡಾಕ್ಟರಿಗೆ ತಿಳಿಸಬೇಕಾದ್ದು: ಚಿಕ್ಕಂದಿನಲ್ಲಿ ಕಿವಿ ಸೋರಿದ್ದು, ಆಪರೇಶನ್ ಆದದ್ದು, ಸಕ್ಕರೆ ಕಾಯಿಲೆ, ರಕ್ತ ತೆಳುವಾಗುವ ಮಾತ್ರೆ, ಈಗಾಗಲೇ ಏನೇನು ಬಿಟ್ಟುಕೊಂಡಿದ್ದೀರಿ ಎನ್ನುವುದು. ಕೊನೆಯದನ್ನು ಹೇಳಲು ಹಲವರು ನಾಚುತ್ತಾರೆ. ಹೇಳಿದರೆ ಡಾಕ್ಟರ ಕೆಲಸ ಸುಲಭ. ನೀವು ಕೇಳಬೇಕಾದ್ದು: ಸಕ್ಷನ್ ಇದೆಯೇ, ನೀರಾದರೆ ಬೆಚ್ಚಗಿದೆಯೇ, ತೆಗೆದ ಮೇಲೆ ತಮಟೆ ಹೇಗಿದೆ. ಕಡೆಯ ಪ್ರಶ್ನೆಯ ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಮುಂದಿನ ವರ್ಷ ಮತ್ತೆ ಕಿವಿ ಕಟ್ಟಿದಾಗ ಹನಿ ಹಾಕಬಹುದೇ ಬೇಡವೇ ಎಂದು ಅದೇ ಹೇಳುತ್ತದೆ.

ಮತ್ತೆ ಕಟ್ಟದಂತೆ

ಒಮ್ಮೆ ತೆಗೆಸಿದ ಮೇಲೆ ಎರಡು ದಿನ ಕಿವಿಗೆ ನೀರು ತಾಗಿಸಬೇಡಿ. ತಲೆಗೆ ಸ್ನಾನ ಮಾಡಲೇಬೇಕಾದರೆ ಹತ್ತಿಯ ಉಂಡೆಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗಷ್ಟೇ ಇಡಿ, ಸ್ನಾನವಾದ ಕೂಡಲೇ ತೆಗೆಯಿರಿ. ಪದೇ ಪದೇ ಕಟ್ಟುವವರು ವಾರಕ್ಕೊಮ್ಮೆ ಎರಡು ಹನಿ ಆಲಿವ್ ಎಣ್ಣೆ ಹಾಕಿಕೊಳ್ಳಬಹುದು, ಆದರೆ ಮಳೆಗಾಲದಲ್ಲಿ ಬೂಷ್ಟಿನ ಹಿನ್ನೆಲೆ ಇದ್ದವರು ಅದನ್ನೂ ನಿಲ್ಲಿಸಲಿ. ಕಾಫಿ ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರದ ಹತ್ತಿರ ಇಯರ್ ಪ್ಲಗ್ ಹಾಕಿಕೊಂಡು ಕೆಲಸ ಮಾಡುವವರಿಗೂ ಇಡೀ ದಿನ ಇಯರ್‌ಫೋನ್ ತೊಟ್ಟಿರುವವರಿಗೂ ಗುಗ್ಗೆ ಹೊರಬರುವ ದಾರಿಯೇ ಮುಚ್ಚಿರುತ್ತದೆ. ಪ್ಲಗ್ ಬಿಡಬೇಡಿ, ಸದ್ದಿನಿಂದ ಆಗುವ ಹಾನಿ ವಾಪಸು ಬರುವುದಿಲ್ಲ. ಬದಲಿಗೆ ಕಿವಿಯ ಮೇಲೆ ಕೂರುವ ಮಫ್ ಸಿಕ್ಕರೆ ಅದನ್ನು ಆರಿಸಿ. ಹಿಯರಿಂಗ್ ಏಡ್ ಹಾಕುವ ಅಜ್ಜ–ಅಜ್ಜಿಯರ ಕಿವಿಯನ್ನು ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಿ. ಏಡ್ ಸೀಟಿ ಹೊಡೆಯಲು ಶುರುವಾದರೆ ರಿಪೇರಿಗೆ ಕಳಿಸುವ ಮುಂಚೆ ಮೊದಲು ಕಿವಿಯೊಳಗೆ ನೋಡಿಸಿ.